ಸೋಡಾ ಹರಳಿನ ತೂಕ

“ತಗೋ ಅಪೆಕ್, ಇದನ್ನ ನೀನೇ ತಿನ್ನು!”

ನೂಡಲ್ಸಿಗೆ ಗಸಿ ಸುರಿದು ಮಾರುವ ಝೈತೊನ್ ತನ್ನ ಬೆತ್ತದ ಬುಟ್ಟಿಯನ್ನು ಹಲಗೆಯ ಮೇಲೆ ಕುಕ್ಕಿದ ರಭಸಕ್ಕೆ ಅಲ್ಲಿದ್ದ ಹಿಟ್ಟೆಲ್ಲ ಎದ್ದು ಅವಳ ಮೂಗಿಗೇ ಬಡಿಯಿತು. ಮಧ್ಯಾಹ್ನ ಇಲ್ಲಿಂದ ಒಯ್ದಿದ್ದ ಮೀ ನೂಡಲ್ಸ್ ಒಂದೆಳೆಯೂ ಕಮ್ಮಿಯಾಗದೆ ವಾಪಸು ಬಂದಿತ್ತು. ಶಾಲೆ ಮುಗಿಸಿ ಆಗತಾನೇ ಬಂದಿದ್ದ ಚುಯ್ ಲಾನ್ ಹೆಗಲ ಚೀಲ ಇಳಿಸುವುದನ್ನೂ ಮರೆತು ಬಾಗಿಲಲ್ಲೇ ನಿಂತಳು. ಮೊಟ್ಟೆಯ ಹಳದಿಯ ಬಣ್ಣದಲ್ಲಿರಬೇಕಾದ ನೂಡಲ್ಸ್ ಎಳೆಗಳು ಹಸಿರಿಗೆ ತಿರುಗಿದ್ದವು. ಬುಟ್ಟಿಯಿಂದ ಸಾಬೂನಿನ ಘಾಟು ಬಾಗಿಲ ತನಕ ಬರುತ್ತಿತ್ತು.

“ನಿನ್ನೆ ಬಸ್ ಡ್ರೈವರೊಬ್ಬ ಏನಂದ ಗೊತ್ತಾ? ‘ಅಕ್ಕಾ, ಬಟ್ಟೆ ಒಗೆದ ನೀರಲ್ಲೇ ಬೇಯಿಸಿಬಿಟ್ಯಾ?’ ಅಂದ. ಎಲ್ಲರ ಮುಂದೆ! ಗೆಣಸು ಬೇಯಿಸಿ, ಸೀಗಡಿ ಅರೆದು, ಬೆಳಿಗ್ಗೆಯಿಂದ ಸೊಂಟ ಮುರ್ಕೊಂಡು ಗಸಿ ಮಾಡೋಳು ನಾನು. ಅದನ್ನ ತಗೊಂಡುಹೋಗಿ ಈ ಸಾಬೂನಿನ ಮೇಲೆ ಸುರೀಬೇಕಾ?”

ಚುಯ್ ಲಾನಳ ಮಾವ ವಾ ಸೆಂಗ್ ಹಿಟ್ಟು ಮಿದಿಯುವ ಬೊಂಬಿನ ಮೇಲಿಂದ ಇಳಿದು ಬಂದರು. ಊರಿನ ಮಲಯರೆಲ್ಲ ಅವರನ್ನು ಅಪೆಕ್, ಅಂದರೆ ಮುದುಕಪ್ಪ, ಎಂದೇ ಕರೆಯುತ್ತಿದ್ದುದು. ಝೈತೊನಳಷ್ಟು ಸಲಿಗೆ ಮಾತ್ರ ಯಾರಿಗೂ ಇರಲಿಲ್ಲ. ಬೇರೆ ದಿನವಾಗಿದ್ದರೆ ಅವಳ ಒಂದು ಮಾತಿಗೆ ಮೂರು ಮಾತು ಕೊಟ್ಟು, ಕೊನೆಗೆ ಅವಳನ್ನೇ ನಗಿಸಿ ಕಳಿಸುವ ಮನುಷ್ಯ. ಇವತ್ತು ಬುಟ್ಟಿಯಿಂದ ಒಂದು ಎಳೆ ತೆಗೆದು ಬಾಯಿಗೆ ಹಾಕಿಕೊಂಡರು. ಅಗಿದರು. ಉಗುಳಿದ್ದರೇ ಚೆನ್ನಾಗಿತ್ತು, ನುಂಗಿಬಿಟ್ಟರು.

“ಇನ್ನೆರಡು ದಿನ ತಡ್ಕೊಳೇ ತಾಯಿ,” ಅಂದರು. “ಶನಿವಾರ ಇಪೋದಿಂದ ಮೀ ಕಾರ್ಖಾನೆ ಯಾಪ್ ಬರ್ತಾನೆ. ನನ್ನ ಗಿರಾಕಿಗಳನ್ನೆಲ್ಲ ಅವನಿಗೇ ಒಪ್ಪಿಸಿಬಿಡ್ತೀನಿ. ಯಂತ್ರದ ಮೀ, ದಿನಾ ಒಂದೇ ಥರ ಇರುತ್ತೆ. ನಿನ್ನ ಡ್ರೈವರ್ರೂ ಬಾಯಿ ಮುಚ್ಕೊಂಡು ತಿಂತಾರೆ.”

ಝೈತೊನ್ ಜಗಳಕ್ಕೆಂದು ಬಂದವಳು. “ಆ ರಬ್ಬರ್ ತುಂಡನ್ನ ಯಾರು ತಿಂತಾರೋ...” ಎಂದು ಗೊಣಗಿ, ಬುಟ್ಟಿಯನ್ನೂ ಅಲ್ಲೇ ಬಿಟ್ಟು ಹೊರಟುಹೋದಳು.

ಅವರ ಊರು ಗೊಪೆಂಗಿನಲ್ಲಿ ಬೊಂಬಿನಿಂದ ಮೀ ಮಾಡುವವರು ಈಗ ವಾ ಸೆಂಗ್ ಒಬ್ಬರೇ. ತೊಡೆಗಾತ್ರದ ಬೊಂಬಿನ ಒಂದು ತುದಿಯನ್ನು ಗೋಡೆಯ ಬಳೆಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಒಂದು ಕಾಲು ಹಾಕಿ ಕೂತು, ಕುಪ್ಪಳಿಸಿ ಕುಪ್ಪಳಿಸಿ ಕೆಳಗಿನ ಹಿಟ್ಟನ್ನು ಮಿದಿಯಬೇಕು. ಆ ಹಳದಿ, ಹಲ್ಲಿಗೆ ಸಿಗುವ ಆ ಬಿಗಿ ಬರುವುದಕ್ಕೆ ಹಿಟ್ಟಿಗೆ ಸೋಡಾ ಬೇಕು. ಗಾಜಿನ ಚೂರಿನಂಥ ಸೋಡಾ ಹರಳುಗಳನ್ನು ಅತ್ತೆ ಒರಳಿನಲ್ಲಿ ಕುಟ್ಟಿಕೊಡುವುದು, ಮಾವ ಒಂಟಿ ತಟ್ಟೆಯ ತೂಕದ ಕೋಲಿಗೆ ಹಿಡಿದು ಒಂದು ತೊಟ್ಟಿ ಹಿಟ್ಟಿಗೆ ನಾಲ್ಕು ತಾಹಿಲ್, ಅಂದರೆ ನೂರೈವತ್ತು ಗ್ರಾಂನಷ್ಟು, ಸೇರಿಸುವುದು. ಆ ನಾಲ್ಕು ತಾಹಿಲ್ ಆ ಮನೆಯಲ್ಲಿ ದೇವರ ಮಾತಿಗೆ ಸಮ. ಚಿಕ್ಕಂದಿನಲ್ಲಿ ಒಮ್ಮೆ ಅಳತೆ ತಪ್ಪಿಸಿದ್ದಕ್ಕೆ ಅವರಪ್ಪ ಬೊಂಬಿನ ಸೀಳಿನಲ್ಲೇ ಬಾರಿಸಿದ್ದರಂತೆ. ಅದನ್ನು ಹೇಳುವಾಗ ಈಗಲೂ ಮಾವ ಬೆನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಈಚೆಗೆ ದಿನಸಿ ಅಂಗಡಿಯ ಹಳೇ ಸಾಹುಕಾರ ಅಂಗಡಿಯನ್ನು ಮಗನ ಕೈಗೆ ಕೊಟ್ಟ. ಮಗ ಹರಳು ತರಿಸುವುದನ್ನು ಬಿಟ್ಟು ಬಿಳಿ ಪುಡಿ ತರಿಸಿದ. “ಅದೇ ಸೋಡಾ ಅಂಕಲ್, ನಿಮಗೆ ಕುಟ್ಟೋ ಕೆಲಸ ಉಳೀತು” ಅಂದ. ಸುಳ್ಳು ಹೇಳಿರಲಿಲ್ಲ, ಪಾಪ. ಆದರೂ ಮಾವ ಅನುಮಾನದ ಪ್ರಾಣಿ. ಪೊಟ್ಟಣ ತಂದು ಸೊಸೆಯ ಮುಖಕ್ಕೆ ಹಿಡಿದು, “ಟೀಚರಮ್ಮ, ಓದಿ ಹೇಳು” ಅಂದಿದ್ದರು. ಚುಯ್ ಲಾನ್ ಸರಕಾರಿ ಶಾಲೆಯಲ್ಲಿ ರಸಾಯನಶಾಸ್ತ್ರದ ಟೀಚರು. ಅವತ್ತು ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದಳು. ಪೊಟ್ಟಣದ ಮೇಲೆ ಸೋಡಿಯಂ ಕಾರ್ಬೊನೇಟ್ ಎಂದಿತ್ತು. “ಅದೇ ಅಪ್ಪ, ಏನೂ ವ್ಯತ್ಯಾಸ ಇಲ್ಲ” ಎಂದು ಮತ್ತೆ ಪತ್ರಿಕೆಗೆ ಬಗ್ಗಿದಳು. ಅತ್ತೆಯಂತೂ ಅವತ್ತೇ ಒರಳನ್ನು ಕೋಳಿಗೂಡಿನ ಪಕ್ಕ ಬೋರಲು ಹಾಕಿ, “ಇನ್ನು ನನ್ನ ರಟ್ಟೆಗೆ ರಜ” ಎಂದು ನಕ್ಕಿದ್ದರು.

ಆಮೇಲೆ ಶುರುವಾಯಿತು ನೋಡಿ. ಮೀ ಹಸಿರಾಯಿತು, ಕಹಿಯಾಯಿತು, ನಾಲಗೆಯ ಮೇಲೆ ಜಾರತೊಡಗಿತು. ಮಾವ ಮೊದಲು ಹಿಟ್ಟಿನವನಿಗೆ ಬೈದರು, ಬೇರೆ ಮೂಟೆ ತರಿಸಿದರು. ಆಮೇಲೆ ನಲ್ಲಿ ನೀರಿಗೆ ಬೈದರು, ಬಾವಿ ನೀರು ಸೇದಿಸಿದರು. ಚುಯ್ ಲಾನ್ ಒಮ್ಮೆ, “ಸೋಡಾ ಜಾಸ್ತಿ ಆಯ್ತೇನೋ ಅಪ್ಪ” ಎಂದದ್ದಕ್ಕೆ ಅವಳ ತೋಳು ಹಿಡಿದೆಳೆದು ತೂಕದ ಕೋಲಿನ ಮುಂದೆ ನಿಲ್ಲಿಸಿದರು. “ನೋಡು. ಕಣ್ಣಗಲಿಸಿ ನೋಡು. ನಾಲ್ಕು ತಾಹಿಲ್. ಹೆಚ್ಚಾ? ಕಮ್ಮಿಯಾ?” ಕೋಲು ಮಟ್ಟಸವಾಗಿ ನಿಂತಿತ್ತು. ಅಷ್ಟಾಗಿಯೂ ಒಂದು ದಿನ ಅವರು ಯಾರಿಗೂ ಹೇಳದೆ ಅರ್ಧ ತಾಹಿಲ್ ಕಮ್ಮಿ ಹಾಕಿ ನೋಡಿದ್ದರು. ಅದೇ ಘಾಟು, ಅದೇ ಕಹಿ. ತಪ್ಪು ಸೋಡಾದ್ದಲ್ಲ ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು.

ಝೈತೊನ್ ಹೋದ ಮೇಲೆ ಚುಯ್ ಲಾನ್ ಒಳಗೆ ಸುಮ್ಮನೆ ಕೂತಿರಲಾರದೆ ಹಿತ್ತಿಲ ಬಾಗಿಲಿಗೆ ಬಂದಳು. ಮಾವ ಕಟ್ಟೆಯ ಮೇಲೆ ಕೂತು ಎರಡೂ ಅಂಗೈ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದರು. ಅತ್ತೆ ಕೋಳಿಗಳಿಗೆ ಕಾಳು ಚೆಲ್ಲುತ್ತಾ ನಿಂತಿದ್ದರು.

“ಹಿಟ್ಟು ಸರಿ. ನೀರು ಸರಿ. ತೂಕ ಸರಿ,” ಎನ್ನುತ್ತಿದ್ದರು ಮಾವ. “ಇನ್ನುಳಿದದ್ದು ನಾನೇ ತಾನೆ? ಈ ಕೈ ಹೋಯ್ತು ಕಣೇ. ಹಿಟ್ಟಿನ ಹದ ಇದಕ್ಕೆ ಗೊತ್ತಾಗ್ತಿಲ್ಲ.”

“ನಿಮ್ಮ ಕೈಗೇನಾಗಿದೆ? ನಿನ್ನೆ ತಾನೇ ಬಾವಿಯಿಂದ ತುಂಬಿದ ಗಡಿಗೆ ಎತ್ಕೊಂಡು ಬಂದ್ರಿ.”

“ಗಡಿಗೆ ಎತ್ತೋ ಕೈ ಬೇರೆ, ಮೀ ಮಾಡೋ ಕೈ ಬೇರೆ. ನಮ್ಮಪ್ಪ ಸಾಯೋ ಹಿಂದಿನ ದಿನದ ತನಕ ಮೀ ಮಾಡಿದ. ನನಗೆ ಅಷ್ಟು ಭಾಗ್ಯ ಇಲ್ಲ ಅಂತ ಕಾಣುತ್ತೆ.” ಅಂಗೈಗಳನ್ನು ಮಡಚಿಕೊಂಡು ಅಂದರು, “ಆ ಯಾಪ್ ಬೊಂಬನ್ನೂ ಕೇಳ್ದ. ಕಾರ್ಖಾನೆ ಬಾಗಿಲಿಗೆ ಶೋಕಿಗೆ ನೇತುಹಾಕ್ತಾನಂತೆ. ಕೊಟ್ಟುಬಿಡ್ತೀನಿ. ಮನೇಲಿದ್ರೆ ಕಣ್ಣಿಗೆ ಚುಚ್ಚುತ್ತೆ.”

ಮದುವೆಯಾಗಿ ಬಂದ ಹೊಸತರಲ್ಲಿ ಚುಯ್ ಲಾನಳನ್ನು ಈ ಮನೆಯಲ್ಲಿ ನಿದ್ದೆಯಿಂದ ಎಬ್ಬಿಸುತ್ತಿದ್ದುದು ಬೊಂಬಿನ ಧಡ್ ಧಡ್ ಸದ್ದು. ಗಂಡ ಕೋಕ್ ವೆಂಗ್ ಲಾರಿ ಓಡಿಸಿಕೊಂಡು ವಾರಗಟ್ಟಲೆ ಹೊರಗಿರುವವನು. ಹೊಸ ಮನೆಯಲ್ಲಿ ಅವಳನ್ನು ಮೊದಲು ಮಾತಾಡಿಸಿದವರು, ಗೇಲಿ ಮಾಡಿ ನಗಿಸಿದವರು ಮಾವನೇ. ಅಂಥವರು ಹೀಗೆ ಕೈ ನೋಡಿಕೊಂಡು ಕೂತದ್ದನ್ನು ಅವಳು ಎಂದೂ ನೋಡಿರಲಿಲ್ಲ.

ಮಾರನೆಯ ದಿನ ಶುಕ್ರವಾರ. ನಾಲ್ಕನೇ ಫಾರಂನ ಮಕ್ಕಳಿಗೆ ಮೋಲಾರ್ ರಾಶಿಯ ಪಾಠ. ಒಂದು ಮೋಲ್ ಪದಾರ್ಥ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಸೂತ್ರದಲ್ಲಿರುವ ಒಂದೊಂದು ಪರಮಾಣುವಿನ ತೂಕವನ್ನೂ ಬಿಡದೆ ಕೂಡಿಸಿಕೊಂಡು ಹೋದರೆ ಮುಗಿಯಿತು. ಸುಲಭದ್ದೇ, ಆದರೆ ಬಿಡದೆ ಕೂಡಿಸಬೇಕಲ್ಲ, ಅಲ್ಲಿ ಬರುತ್ತದೆ ತಾಪತ್ರಯ. ಚುಯ್ ಲಾನ್ ಮೇಜಿನ ಮೇಲೆ ಮೈಲುತುತ್ತದ ನೀಲಿ ಹರಳುಗಳ ಬಟ್ಟಲಿಟ್ಟು, ಅದರ ಸೂತ್ರವನ್ನು ಬೋರ್ಡಿನ ಮೇಲೆ ಬರೆದು, ಮೊದಲ ಬೆಂಚಿನ ಕನಗವಲ್ಲಿಯನ್ನು ಎಬ್ಬಿಸಿದಳು.

ಕನಗವಲ್ಲಿ ಸೀಮೆಸುಣ್ಣ ಹಿಡಿದು ಟಪಟಪನೆ ಬರೆದಳು. “ತಾಮ್ರ ಅರವತ್ನಾಲ್ಕು, ಗಂಧಕ ಮೂವತ್ತೆರಡು, ನಾಲ್ಕು ಆಮ್ಲಜನಕ ಸೇರಿ ಅರವತ್ನಾಲ್ಕು. ಒಟ್ಟು ನೂರ ಅರವತ್ತು ಟೀಚರ್.”

“ನೀರೆಲ್ಲಿ?”

“ಯಾವ ನೀರು ಟೀಚರ್?”

“ಕೊನೇಲಿ ಒಂದು ಚುಕ್ಕೆ ಇಟ್ಟು ಐದು ನೀರು ಅಂತ ಬರೆದಿದೀನಲ್ಲ, ಅದು ಅಲಂಕಾರಕ್ಕಾ?”

ಕನಗವಲ್ಲಿ ಸುಮ್ಮನೆ ಒಪ್ಪಿಕೊಳ್ಳುವ ಹುಡುಗಿಯಲ್ಲ. ಬಟ್ಟಲಿಗೆ ಕೈಹಾಕಿ ಒಂದು ಹರಳು ಎತ್ತಿಕೊಂಡಳು. “ಒಣಗೇ ಇದೆಯಲ್ಲ ಟೀಚರ್. ಮುಟ್ಟಿದ್ರೆ ಕೈ ಒದ್ದೆ ಆಗಲ್ಲ. ಇಲ್ಲದ ನೀರನ್ನ ಯಾಕೆ ತೂಗ್ಬೇಕು?” ಇಡೀ ತರಗತಿ ಗೊಳ್ಳೆಂದಿತು.

“ಕಣ್ಣಿಗೆ ಕಾಣ್ದಿದ್ರೂ ತೂಕಕ್ಕೆ ಬರುತ್ತಮ್ಮ,” ಎಂದು ಚುಯ್ ಲಾನ್ ವರ್ಷಾ ವರ್ಷಾ ಹೇಳುವ ಮಾತನ್ನೇ ಶುರುಮಾಡಿದಳು. “ಹರಳು ಕಟ್ಟುವಾಗ ನೀರನ್ನೂ ಒಳಗೆ ಸೇರಿಸ್ಕೊಂಡೇ ಕಟ್ಟಿರುತ್ತೆ. ಅದನ್ನ ಮರೆತು ನೀನು ಹರಳಿನ ಬದಲು ಒಣಪುಡಿ ತೂಗಿದ್ರೆ, ಅಷ್ಟೇ ತೂಕಕ್ಕೆ ಪದಾರ್ಥ ಎಷ್ಟೋ ಜಾಸ್ತಿ...”

ಮಾತು ಅಲ್ಲೇ ನಿಂತಿತು. ಹರಳಿನ ಬದಲು ಒಣಪುಡಿ! ಅಯ್ಯೋ ನನ್ನ ದರಿದ್ರ ಬುದ್ಧಿಯೇ ಎಂದುಕೊಂಡಳು. ಹುಡುಗರ ಪತ್ರಿಕೆಗಳಲ್ಲಿ ಕೆಂಪು ಶಾಯಿ ಖಾಲಿಯಾಗುವಷ್ಟು ಸಲ ‘ನೀರೆಲ್ಲಿ?’ ಎಂದು ಬರೆದವಳು, ಮನೆಯ ಪೊಟ್ಟಣದ ಮುಂದೆ ಅದನ್ನೇ ಕೇಳಿಕೊಳ್ಳಲಿಲ್ಲವಲ್ಲ.

ಬೋರ್ಡಿನ ಮೇಲಿದ್ದ ಮೈಲುತುತ್ತವನ್ನು ಅಂಗೈಯಿಂದಲೇ ಒರೆಸಿ ಸೋಡಾದ ಸೂತ್ರ ಬರೆದಳು. “ಎಲ್ಲಾರೂ ಹೇಳಿ. ಒಣ ಸೋಡಾ. ಸೋಡಿಯಂ ಎರಡು!”

“ನಲವತ್ತಾರು!” ಎಂದು ಕಿರುಚಿದವು ಮಕ್ಕಳು.

“ಇಂಗಾಲ ಒಂದು!” “ಹನ್ನೆರಡು!” “ಆಮ್ಲಜನಕ ಮೂರು!” “ನಲವತ್ತೆಂಟು! ಒಟ್ಟು ನೂರ ಆರು!”

“ಇನ್ನು ಹರಳು. ಇದರೊಳಗೆ ಹತ್ತು ನೀರು. ಒಂದೊಂದು ನೀರು ಹದಿನೆಂಟು.”

“ನೂರ ಎಂಬತ್ತು! ನೂರ ಆರಕ್ಕೆ ಕೂಡಿದ್ರೆ ಇನ್ನೂರ ಎಂಬತ್ತಾರು ಟೀಚರ್!” ಎಂದು ಎಲ್ಲರಿಗಿಂತ ಮೊದಲು ಕೂಗಿದವಳು ಕನಗವಲ್ಲಿಯೇ.

ಇನ್ನೂರ ಎಂಬತ್ತಾರರಲ್ಲಿ ಸೋಡಾ ಬರೀ ನೂರ ಆರು. ಮಿಕ್ಕಿದ್ದೆಲ್ಲ ನೀರು. ಮಾವ ನಾಲ್ಕು ತಾಹಿಲ್ ಪುಡಿ ಹಾಕಿದಾಗಲೆಲ್ಲ ಹತ್ತಿರ ಹತ್ತಿರ ಮೂರು ಪಟ್ಟು ಸೋಡಾ ಹಿಟ್ಟಿಗೆ ಬೀಳುತ್ತಿತ್ತು. ಅರ್ಧ ತಾಹಿಲ್ ಕಮ್ಮಿ ಮಾಡಿದರೆ ಅದು ಯಾವ ಮೂಲೆಗೆ? ಚುಯ್ ಲಾನ್ ನಗುವುದೋ ಅಳುವುದೋ ತಿಳಿಯದೆ ಸೀಮೆಸುಣ್ಣದ ಕೈಯಿಂದಲೇ ಮುಖ ಒರೆಸಿಕೊಂಡಳು. ಗಂಟೆ ಹೊಡೆದದ್ದೇ ಸೈಕಲ್ ಹತ್ತಿ ಮನೆಯ ಕಡೆ ಒಂದೇ ಉಸಿರಿಗೆ ತುಳಿದಳು.

ಅವಳು ಹಿತ್ತಿಲಿಗೆ ನುಗ್ಗಿದಾಗ ಮಾವ ಬೊಂಬಿಗೆ ಬಿಸಿನೀರು ಹೊಯ್ದು ಉಜ್ಜುತ್ತಿದ್ದರು. ಪಕ್ಕದಲ್ಲಿ ಅದನ್ನು ಸುತ್ತಿ ಕಟ್ಟಲು ಗೋಣಿತಟ್ಟು ಹಾಸಿತ್ತು.

“ಅತ್ತೆ, ಹಳೇ ಸೋಡಾ ಹರಳು ಸ್ವಲ್ಪನಾದ್ರೂ ಉಳಿದಿದೆಯಾ?”

“ಬಟ್ಟೆಗೆ ಅಂತ ಜಾಡೀಲಿ ಇಟ್ಟಿದೀನಿ. ಯಾಕೆ, ನಿನ್ನ ಶಾಲೆ ಮಕ್ಕಳ ಬಟ್ಟೇನೂ ನಾವೇ ಒಗೀಬೇಕಾ?”

ಚುಯ್ ಲಾನ್ ಜಾಡಿಯಿಂದ ಹೊಳೆಯುವ ಹರಳುಗಳನ್ನೇ ಆರಿಸಿ ತಟ್ಟೆಗೆ ಹಾಕಿ, ತೂಕದ ಕೋಲು ಎತ್ತಿದಳು. ಹದಿನಾರು ತಾಹಿಲ್. ಸರಿಯಾಗಿ ಒಂದು ಕಾಟಿ. ಮಾವನೂ ನೋಡಲಿ ಎಂದು ಅವರ ಮೂಗಿನ ಮುಂದೆಯೇ ಹಿಡಿದಳು. “ಇದನ್ನ ಬಾಣಲೇಲಿ ಹುರೀತೀನಿ ಅಪ್ಪ. ಆಮೇಲೆ ಎಷ್ಟು ತೂಗುತ್ತೆ ಹೇಳಿ ನೋಡೋಣ.”

“ಎಷ್ಟು ತೂಗುತ್ತೆ ಅಂದ್ರೆ? ಒಂದು ಕಾಟಿ. ನೀನು ಕದ್ದು ತಿನ್ನದಿದ್ರೆ.”

“ನಾನು ಹೇಳ್ತೀನಿ ಕೇಳಿ. ಆರು ತಾಹಿಲ್. ಅದೂ ಪೂರ್ತಿ ಇರಲ್ಲ, ಒಂದು ಕೂದಲೆಳೆಯಷ್ಟು ಕಮ್ಮಿ.”

“ತಲೆಗೆ ಬಿಸಿಲು ಹೊಡೀತಾ?” ಎಂದರು ಮಾವ. ಆದರೆ ಉಜ್ಜುವುದನ್ನು ನಿಲ್ಲಿಸಿದರು.

ಚುಯ್ ಲಾನ್ ಖಾಲಿ ಕೋಲಿನ ಮೇಲೆ ತೂಕದ ಗುಂಡು ನೇತುಬಿದ್ದ ದಾರವನ್ನು ಸರಿಸಿ, ಆರರ ಚುಕ್ಕೆಗಿಂತ ತುಸು ಈಚೆ ನಿಲ್ಲಿಸಿ, ಹಾಗೇ ಗೂಟಕ್ಕೆ ತೂಗುಹಾಕಿದಳು. “ಇದನ್ನ ಯಾರೂ ಮುಟ್ಟಬೇಡಿ” ಅಂದು ಒಲೆಯ ಮೇಲೆ ಬಾಣಲೆ ಇಟ್ಟಳು.

ಬಿಸಿ ತಾಗಿದ್ದೇ ತಡ, ಹರಳುಗಳು ಬೆವತವು, ಮೆತ್ತಗಾದವು, ನೋಡನೋಡುತ್ತಿದ್ದಂತೆ ಬಾಣಲೆಯ ತುಂಬ ನೀರಾಯಿತು. ಅತ್ತೆ ಬಗ್ಗಿ ನೋಡಿ ಹೌಹಾರಿದರು. “ಅಯ್ಯಯ್ಯೋ! ನೀರು ಯಾಕೆ ಹೊಯ್ದೆ?”

“ಒಂದು ತೊಟ್ಟೂ ಹಾಕಿಲ್ಲ ಅತ್ತೆ. ಇದರೊಳಗೇ ಇದ್ದದ್ದು.”

ಮಾವ ಗೋಣಿತಟ್ಟು ದಾಟಿ ಒಲೆಯ ಹತ್ತಿರ ಬಂದರು. ಬಾಣಲೆಯಲ್ಲಿದ್ದದ್ದು ಕುದಿಯಿತು, ಆವಿ ಅಡುಗೆಮನೆ ತುಂಬಿತು. ಸಿಡಿಯದ ಹಾಗೆ ಉರಿ ತಗ್ಗಿಸಿ ಚುಯ್ ಲಾನ್ ಕೈ ಬಿಡದೆ ಕೆದಕಿದಳು. ಕೊನೆಗೆ ಬಿಳಿ ಹಿಟ್ಟಿನಂಥದೇನೋ ಉಳಿಯಿತು. ಆರಿಸಿ, ಬಾಣಲೆಯನ್ನು ಕುಂಚದಿಂದ ಗುಡಿಸಿ, ಒಂದು ಕಾಳೂ ಬಿಡದೆ ತಟ್ಟೆಗೆ ಸುರಿದಳು. ಕೋಲೆತ್ತಿದಳು.

ಕೋಲಿನ ತುದಿ ಸರ್ರನೆ ಮೇಲಕ್ಕೆದ್ದಿತು. ತಟ್ಟೆ ಭಾರ.

“ಹ್ಹಾ!” ಎಂದರು ಮಾವ. ಆ ನಗುವಿನಲ್ಲಿ ಸಂತೋಷವೇನೂ ಇರಲಿಲ್ಲ. “ನಿನ್ನ ಲೆಕ್ಕಾನೂ ನನ್ನ ಮೀ ಥರಾನೇ ಆಯ್ತಲ್ಲ ಟೀಚರಮ್ಮ. ಬಿಡು, ಕೈಕಾಲು ತೊಳ್ಕೊಂಡು ಊಟ ಮಾಡು.”

ಚುಯ್ ಲಾನ್ ಮನಸ್ಸಿನಲ್ಲೇ ಮತ್ತೆ ಕೂಡಿಸಿದಳು. ನಲವತ್ತಾರು, ಹನ್ನೆರಡು, ನಲವತ್ತೆಂಟು. ಹದಿನೆಂಟು ಹತ್ತಲ. ಎಲ್ಲೂ ತಪ್ಪಿಲ್ಲ. ಪುಡಿಯನ್ನು ಬೆರಳಿನಲ್ಲಿ ಹಿಸುಕಿ ನೋಡಿದಳು. ಒಂದೆರಡು ಗಂಟು ಇನ್ನೂ ಮೆತ್ತಗಿದ್ದವು. “ಲೆಕ್ಕ ಸರಿ ಇದೆ. ಇದಿನ್ನೂ ಒಣಗಿಲ್ಲ, ಅಷ್ಟೇ!” ಎಂದು ಎಲ್ಲವನ್ನೂ ಬಾಣಲೆಗೆ ಮಗುಚಿ ಮತ್ತೆ ಉರಿ ಮಾಡಿದಳು. ಗಂಟುಗಳನ್ನು ಸೌಟಿನಿಂದ ಜಜ್ಜಿದಳು. ಮತ್ತೆ ತೆಳ್ಳಗೆ ಆವಿ ಎದ್ದಿತು. ಈ ಸಲ ಮಾವ ಊಟದ ಮಾತೆತ್ತಲಿಲ್ಲ, ಬಾಣಲೆ ಬಿಟ್ಟು ಕಣ್ಣು ಕೀಳಲಿಲ್ಲ. ಆವಿ ಪೂರ್ತಿ ನಿಂತ ಮೇಲೆ ಆರಿಸಿ ಗುಡಿಸಿ ತಟ್ಟೆಗೆ ಹಾಕಿದ್ದು ಅವಳೇ. ಆದರೆ ಕೋಲು ಎತ್ತಿದ್ದು ಮಾವ.

ಕೋಲು ಒಮ್ಮೆ ಮೇಲೆ ಹೋಯಿತು. ಒಮ್ಮೆ ಕೆಳಗೆ ಬಂತು. ಮಟ್ಟಸವಾಗಿ ನಿಂತಿತು.

ಗುಂಡಿನ ದಾರ ಅವಳು ಇಟ್ಟಲ್ಲೇ ಇತ್ತು, ಆರಕ್ಕೆ ಒಂದು ಕೂದಲೆಳೆ ಕಮ್ಮಿ. ಮಾವ ಇಳಿಸಿದರು, ಮತ್ತೆ ಎತ್ತಿದರು. ಕಿಟಕಿಯ ಬೆಳಕಿಗೆ ಹೋಗಿ ಇನ್ನೊಂದು ಸಲ ಎತ್ತಿದರು. ಪ್ರತಿ ಸಲವೂ ಅಲ್ಲೇ.

“ಮಿಕ್ಕ ಹತ್ತು ತಾಹಿಲ್?”

“ನೀರು. ಮೇಲೆ ಸೂರು ನೋಡಿ, ಇನ್ನೂ ತೊಟ್ಟಿಕ್ತಾ ಇದೆ.”

ಮಾವ ತಲೆಯೆತ್ತಿ ತಗಡಿನ ಸೂರು ನೋಡಿದರು. ಅವರ ಬಾಯಿ ನಿಧಾನವಾಗಿ ತೆರೆದುಕೊಂಡಿತು. “ಹಂಗಾದ್ರೆ ಆ ಸಾಹುಕಾರ... ನಮ್ಮಪ್ಪನಿಗೂ ನನಗೂ ಇಷ್ಟು ವರ್ಷ ನೀರು ತೂಗಿ ಕೊಟ್ಟನಾ! ಕಳ್ಳ ನನ್ಮಗ!”

ಅತ್ತೆ ಬಿದ್ದು ಬಿದ್ದು ನಕ್ಕರು. “ಮತ್ತೆ ನಾನು ಅಷ್ಟು ವರ್ಷ ನೀರು ಕುಟ್ಟಿದ್ನಾ?”

“ಅಪ್ಪ,” ಎಂದಳು ಚುಯ್ ಲಾನ್. “ಪುಡಿ ತಂದಾಗ ಅದೇ ಅಂದವಳು ನಾನು. ಸೋಡಾ ಅದೇ, ಆದ್ರೆ ಇದರಲ್ಲಿ ನೀರಿಲ್ಲ. ನಾಲ್ಕು ತಾಹಿಲ್ ಹರಳಿನ ಜಾಗಕ್ಕೆ ಒಂದೂವರೆ ತಾಹಿಲ್ ಪುಡಿ ಸಾಕಿತ್ತು. ನೀವು ಕೇಳಿದ್ರಿ, ನಾನು ತಲೆ ಎತ್ತಿ ಕೂಡ ನೋಡ್ಲಿಲ್ಲ. ತಪ್ಪು ನಂದು.”

ವಾ ಸೆಂಗ್‌ಗೆ ಕೋಪ ಬಂದದ್ದು ನಿಜ. ಹುಬ್ಬು ಗಂಟಾಯಿತು, ಮೂಗಿನ ಹೊಳ್ಳೆ ಅರಳಿತು. “ನೀನು ಅದೇ ಅಂದೆ ಅಂತ ನಾನು...” ಎಂದು ಶುರುಮಾಡಿ ತಡೆದರು. ಕೋಲು ಹಿಡಿದ ಕೈಯನ್ನು ನೋಡಿಕೊಂಡರು. ದನಿ ಒಮ್ಮೆಲೇ ಇಳಿಯಿತು. “ಹಂಗಾದ್ರೆ ಈ ಕೈ?”

“ನಿಮ್ಮ ಕೈಗೆ ಏನೂ ಆಗಿಲ್ಲ ಅಪ್ಪ. ಯಾವತ್ತೂ ಏನೂ ಆಗಿರಲಿಲ್ಲ.”

ಮುದುಕರು ಕೋಲನ್ನು ಜೋಪಾನವಾಗಿ ಕೆಳಗಿಟ್ಟು, ತಿರುಗಿ ಹಿತ್ತಿಲಿಗೆ ನಡೆದರು. ಅಲ್ಲಿ ಕೋಳಿಗಳ ಮಧ್ಯೆ ನಿಂತು ಗಟ್ಟಿಯಾಗಿ ಮೂಗು ಸೀಟಿಕೊಂಡರು. ಒಳಗೆ ಬಂದಾಗ ಭುಜದ ಮೇಲೆ ಬೊಂಬಿತ್ತು.

“ದಾರಿ ಬಿಡ್ರೇ! ನಾಳೆಗೆ ಎರಡು ತೊಟ್ಟಿ ಹಿಟ್ಟು ಬೇಕು!”

ಶನಿವಾರ ಬೆಳಿಗ್ಗೆ ಓಣಿಗೆಲ್ಲ ಕೇಳುವಂತೆ ಬೊಂಬು ಧಡ್ ಧಡ್ ಎಂದಿತು. ಸೋಡಾ ತೂಗಿದ್ದು ಮಾವನೇ, ಒಂದೂವರೆ ತಾಹಿಲ್. ಅಪ್ಪನ ಅಳತೆ ಮೀರುವುದೆಂದರೆ ಸುಮ್ಮನೆ ಮಾತಲ್ಲ. ಹಿಟ್ಟಿಗೆ ಸುರಿಯುವ ಮುನ್ನ ಗೋಡೆಯ ಮೇಲಿದ್ದ ಅಪ್ಪನ ಪಟಕ್ಕೆ, “ತೂಕ ಬದಲಾಗಿದೆ, ಸೋಡಾ ಅಷ್ಟೇ ಇದೆ. ಬೈಬೇಡ” ಎಂದು ಹೇಳಿಯೇ ಸುರಿದರು. ಹಾಳೆ ಮಾಡಿ, ಮಡಿಸಿ, ಕೊಯ್ದು ಉದುರಿಸಿದಾಗ ಎಳೆಗಳು ಮೊಟ್ಟೆಯ ಹಳದಿಯ ಬಣ್ಣದಲ್ಲಿ ರಾಶಿ ಬಿದ್ದವು. ಮಾವ ಒಂದೆಳೆ ಹಸಿಯಾಗಿಯೇ ಬಾಯಿಗೆ ಹಾಕಿ ಅಗಿದರು. ಚುಯ್ ಲಾನ್ ಅವರ ದವಡೆಯನ್ನೇ ನೋಡುತ್ತಿದ್ದಳು.

“ಹೂಂ,” ಎಂದರು ಮಾವ. ಆಮೇಲೆ ಇನ್ನೊಂದೆಳೆ ಎತ್ತಿಕೊಂಡರು. “ಹೂಂ ಹೂಂ!” ಎಂದು ಮೂರನೆಯದಕ್ಕೂ ಕೈಹಾಕಿದರು. ಅತ್ತೆ ಆ ಕೈಗೆ ಫಟ್ಟೆಂದು ಹೊಡೆದು, “ಮಾರೋಕೂ ಸ್ವಲ್ಪ ಬಿಡಿ” ಅಂದರು.

ಬುಟ್ಟಿ ವಾಪಸು ಒಯ್ಯಲು ಬಂದಿದ್ದ ಝೈತೊನ್ ಹೊಸ್ತಿಲಲ್ಲೇ ನಿಂತು ಮೂಸಿದಳು. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ಅತ್ತೆ ಬೇಯಿಸಿಕೊಟ್ಟ ಎಳೆಗಳನ್ನು ಮನೆಯಿಂದ ತರಿಸಿದ ಗಸಿಯಲ್ಲಿ ಕಲಸಿ, ನಿಂತಲ್ಲೇ ಬಾಯಿಗಿಟ್ಟಳು. ಎರಡನೇ ತುತ್ತಿಗೆ ಕೂತಳು. ಬಟ್ಟಲು ಖಾಲಿ ಮಾಡಿ, ಗಸಿಯನ್ನು ಬೆರಳಿಂದ ಬಳಿದು ನೆಕ್ಕಿ, “ಏನೋ ಅಪೆಕ್, ಸಾಯೋಕ್ ಮುಂಚೆ ಬುದ್ಧಿ ಬಂತಾ?” ಅಂದಳು. “ನನಗೆ ದಿನಾ ಕೊಡ್ತಿದ್ದಕ್ಕಿಂತ ಎರಡರಷ್ಟು ಹಾಕು ಇವತ್ತು. ಆ ಡ್ರೈವರ್‌ನ ಕೂರಿಸಿ ತಿನ್ನಿಸ್ತೀನಿ, ಬೇಡ ಬೇಡ ಅಂದ್ರೂ ಬಿಡಲ್ಲ!”

ಯಾಪ್ ಬಂದದ್ದು ಅಷ್ಟು ಹೊತ್ತಿಗೆ. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಬೊಂಬನ್ನು ಕಟ್ಟಿ ಒಯ್ಯಲು ಹಗ್ಗ ಹಿಡಿದ ಇಬ್ಬರು ಆಳುಗಳು ವ್ಯಾನಿನ ಹತ್ತಿರ ನಿಂತಿದ್ದರು. ಮಾವ ಅವನನ್ನು ಮಾತಾಡಗೊಡದೆ ಮೇಜಿನ ಮುಂದೆ ಕೂರಿಸಿ ಬಟ್ಟಲು ಇಟ್ಟರು. “ಮೊದಲು ತಿನ್ನು. ವ್ಯಾಪಾರ ಆಮೇಲೆ.”

ಯಾಪ್ ಶಿಷ್ಟಾಚಾರಕ್ಕೆಂದು ಒಂದೆರಡು ಎಳೆ ಎತ್ತಿದ. ಆಮೇಲೆ ಕತ್ತು ಬಗ್ಗಿಸಿದವನು ಎತ್ತಲೇ ಇಲ್ಲ. ಸೊರ್ ಸೊರ್ ಎಂದು ಎಳೆಯುವ ಸದ್ದು ಮಾತ್ರ ಕೇಳುತ್ತಿತ್ತು. ಕೊನೆಗೆ ಸಾರನ್ನೂ ಎತ್ತಿ ಕುಡಿದು ಬಟ್ಟಲು ಕೆಳಗಿಟ್ಟ. “ಅಂಕಲ್, ಮೀ ಕೆಟ್ಟಿದೆ ಅಂತ ತಾನೇ ನೀವು ನನಗೆ ಹೇಳಿ ಕಳಿಸಿದ್ದು?”

“ಕೆಟ್ಟಿತ್ತು. ಈಗ ಇಲ್ಲ.”

“ಏನು ಬದಲಾಯಿಸಿದ್ರಿ?”

“ಏನೂ ಬದಲಾಯಿಸ್ಲಿಲ್ಲ. ಇದ್ದ ಹಾಗೇ ಇರ್ಲಿ ಅಂತ ತೂಕ ಬದಲಾಯಿಸ್ದೆ. ನಿನಗೆ ಅರ್ಥ ಆಗಲ್ಲ ಬಿಡು, ಅದಕ್ಕೆ ಸ್ವಲ್ಪ ಓದಿರ್ಬೇಕು.” ಮಾವ ಸೊಸೆಯ ಕಡೆ ಕಣ್ಣು ಮಿಟುಕಿಸಿದರು. “ಹುಡುಗರಿಗೂ ಒಂದೊಂದು ಬಟ್ಟಲು ಕೊಡೇ. ಪಾಪ, ಹಗ್ಗ ಹೊತ್ಕೊಂಡು ಅಷ್ಟು ದೂರದಿಂದ ಬಂದಿದಾರೆ. ಖಾಲಿ ಹೊಟ್ಟೇಲಿ ಕಳ್ಸೋಕಾಗುತ್ತಾ?”

ಆಳುಗಳು ತಿಂದರು. ಯಾಪ್ ಇನ್ನೊಂದು ಬಟ್ಟಲು ತಿಂದ. ಹೋಗುವಾಗ ಹೆಂಡತಿಗೆಂದು ಒಂದು ಕಾಟಿ ಮೀ ಕಟ್ಟಿಸಿಕೊಂಡೂ ಹೋದ. ಓಣಿಯ ತುದಿಯಲ್ಲಿ ವ್ಯಾನು ಮರೆಯಾದಾಗ ಝೈತೊನ್ ನಡುಬೀದಿಯಲ್ಲಿ ನಿಂತು ಚಪ್ಪಾಳೆ ಹೊಡೆದಳು. ಮನೆಯೊಳಗೆ ಬೊಂಬು ಆಗಲೇ ಮತ್ತೆ ಶುರುವಾಗಿತ್ತು.

ಸೋಮವಾರ ಬೆಳಿಗ್ಗೆ ಚುಯ್ ಲಾನ್ ಶಾಲೆಗೆ ಹೊರಟಾಗ ಮೂಲೆಯ ಕಾಫಿ ಅಂಗಡಿಯಿಂದ ಮಾವನ ದನಿ ರಸ್ತೆಯ ತನಕ ಕೇಳುತ್ತಿತ್ತು. ಸೈಕಲ್ ನಿಧಾನ ಮಾಡಿ ಒಳಗೆ ಇಣುಕಿದಳು. ಅಮೃತಶಿಲೆಯ ಮೇಜಿನ ಸುತ್ತ ನಾಲ್ಕೈದು ಮುದುಕರು ತಲೆಗೆ ತಲೆ ತಾಗಿಸಿ ಬಗ್ಗಿದ್ದರು. ಒಬ್ಬರ ಕೈಯಲ್ಲಿದ್ದ ಪಂಜರದ ಹಕ್ಕಿ ಕೂಡ ಸುಮ್ಮನಿತ್ತು.

“ನಲವತ್ತಾರು, ಹನ್ನೆರಡು, ನಲವತ್ತೆಂಟು. ಎಷ್ಟಾಯ್ತು? ಹೇಳ್ರೋ, ಬಾಯಲ್ಲಿ ಏನಿಟ್ಕೊಂಡಿದೀರಿ?”

“ನೀನೇ ಹೇಳಯ್ಯ, ಮೇಷ್ಟ್ರು ನೀನು.”

ಮಾವ ಕಾಫಿಗೆ ತೋರುಬೆರಳು ಅದ್ದಿ ಬಿಳಿ ಕಲ್ಲಿನ ಮೇಲೆ ದೊಡ್ಡದಾಗಿ ನೂರ ಆರು ಎಂದು ಬರೆದರು. ಅದರ ಕೆಳಗೆ ನೂರ ಎಂಬತ್ತು ಬರೆದು, ಗೆರೆ ಎಳೆದರು. ಗೆರೆ ಒಂದಿಷ್ಟೂ ನಡುಗದೆ ನೆಟ್ಟಗೆ ಬಂತು. ಮೇಲೆ ಬರೆದದ್ದು ಫ್ಯಾನಿನ ಗಾಳಿಗೆ ಆಗಲೇ ಆರುತ್ತಾ ಬಂದಿತ್ತು. ಮಾವ ಮತ್ತೆ ಕಾಫಿಗೆ ಬೆರಳು ಅದ್ದಿದರು.